ಕಿಟಕಿ ನಮ್ಮದು, ಒಪ್ಪಿಗೆ ಯಾರದು?

ಜೋರು ಮಳೆ ಬಂದರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ಈರುಳ್ಳಿ ಬಜ್ಜಿ, ಬಿಸಿ ಕಾಫಿ ಅಂತೀರಾ? ನಮ್ಮ ಮನೆಯಲ್ಲಿ ಹಳೇ ಬೆಡ್‌ಶೀಟು ಹುಡುಕುತ್ತಿದ್ದೆವು! ಒಂದನ್ನು ಹಾಲ್ ಕಿಟಕಿಯ ಸಂದಿಗೆ ತುರುಕಬೇಕು, ಇನ್ನೊಂದನ್ನು ಅತ್ತೆಯ ರೂಮಿನ ಕಿಟಕಿ ಕೆಳಗೆ ಹಾಸಬೇಕು, ಅವು ನೆಂದ ಮೇಲೆ ಬಕೆಟ್ಟಿಗೆ ಹಿಂಡಬೇಕು. ಇಪ್ಪತ್ತು ವರ್ಷದ ಹಳೇ ಫ್ಲ್ಯಾಟು, ಅಷ್ಟೇ ಹಳೆಯ ಮರದ ಕಿಟಕಿಗಳು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಒಣಗಿ ಬೆರಳು ತೂರುವಷ್ಟು ಸಂದಿ. ಅದರಲ್ಲೇ ಧೂಳು, ಅದರಲ್ಲೇ ಸೊಳ್ಳೆ. ಅತ್ತೆಯ ಮಂಚದ ಪಕ್ಕದ ಸ್ವಿಚ್‌ಬೋರ್ಡಿನವರೆಗೂ ಗೋಡೆ ತೇವ ಏರಿತ್ತು.

‘ನೋಡೋಣ, ಮಾಡಿಸೋಣ’ ಎನ್ನುತ್ತಲೇ ವರ್ಷಗಳು ಹೋದವು. ಎರಡು ವರ್ಷದ ಹಿಂದೆ ಅಕ್ಟೋಬರ್‌ನ ಒಂದು ಸಂಜೆ, ಗಾಳಿ ಮಳೆ ಶುರುವಾಗುತ್ತಿದ್ದಂತೆ ಹಾಲ್ ಕಿಟಕಿ ಮುಚ್ಚಲು ಹೋದೆ. ಕೈಗೆ ಬಾಗಿಲು ಬರಲಿಲ್ಲ! ಕೊಳೆತ ಚೌಕಟ್ಟಿನಿಂದ ಸ್ಕ್ರೂ ಕಿತ್ತುಕೊಂಡು, ಗಾಜಿನ ಸಮೇತ ಇಡೀ ರೆಕ್ಕೆ ನಾಲ್ಕನೇ ಮಹಡಿಯಿಂದ ಕೆಳಗೆ ಬಿತ್ತು. ಬಿದ್ದ ಜಾಗದಲ್ಲಿ ಹತ್ತು ನಿಮಿಷದ ಮುಂಚೆ ಮಕ್ಕಳು ಶಟಲ್ ಆಡುತ್ತಿದ್ದರು. ಮಳೆ ಹನಿ ಬಿತ್ತೆಂದು ಅಮ್ಮಂದಿರು ಒಳಗೆ ಕರೆದಿದ್ದರು. ಆ ಹತ್ತು ನಿಮಿಷ ನೆನಪಾದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಅವತ್ತೇ ರಾತ್ರಿ ತೀರ್ಮಾನವಾಯಿತು. ಚೀಟಿ ಹಣ ಎತ್ತಿದ್ದೆ. ಯಜಮಾನರೂ ‘ಸರಿ’ ಎಂದರು. ಯುಪಿವಿಸಿ ಕಿಟಕಿಯವರು ಬಂದು ಅಳತೆ ತೆಗೆದುಕೊಂಡು, ಕೊಟೇಶನ್ನೂ ಕೊಟ್ಟರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಗೇಟಿನಲ್ಲಿ ಸಿಕ್ಕಿದ ಅಸೋಸಿಯೇಶನ್ ಸೆಕ್ರೆಟರಿಗೆ ಹೇಳಿದೆ.

‘ಅದಕ್ಕೆ ಪರ್ಮಿಷನ್ ಇಲ್ಲ ಮೇಡಂ. ಬಿಲ್ಡಿಂಗ್ ಎಲಿವೇಶನ್ ಹಾಳಾಗುತ್ತೆ.’

‘ಯಾವ ರೂಲಲ್ಲಿದೆ ಸಾರ್?’

‘ಮೊದಲಿಂದ ಹಾಗೇ ಇದೆ. ನಿಮ್ಮ ಯಜಮಾನರನ್ನ ಕಳಿಸಿ, ಮಾತಾಡ್ತೀನಿ.’

ಪರ್ಮಿಷನ್ ಇಲ್ಲ ಎಂದಿದ್ದಕ್ಕಿಂತ ಆ ಕೊನೆಯ ಮಾತು ಚುಚ್ಚಿತು. ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರಿಗೆ ಆ ಕಿಟಕಿಯ ಕಷ್ಟ ಎಷ್ಟು ಗೊತ್ತು? ದಿನವಿಡೀ ಅದರ ಮುಂದೆ ಇರುವವಳು ನಾನು. ಧೂಳು ಒರೆಸುವವಳು, ನೀರು ಹಿಂಡುವವಳು ನಾನು. ನಮ್ಮ ಮನೆ ಕಿಟಕಿ ಬದಲಾಯಿಸಲು ನಾವು ಯಾರ ಅಪ್ಪಣೆ ಕೇಳಬೇಕು, ಯಾಕೆ ಕೇಳಬೇಕು? ಅಪಾರ್ಟ್‌ಮೆಂಟಿನಲ್ಲಿ ಇರುವ ನಮ್ಮಂಥ ಎಷ್ಟೋ ಗೃಹಿಣಿಯರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸಿಟ್ಟು ಇಳಿದ ಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಳಗೆ ನಮ್ಮದು, ಹೊರಗೆ ಎಲ್ಲರದು

ಬೀರುವಿನಲ್ಲಿ ಸೇಲ್ ಡೀಡ್ ಜೊತೆ ಒಂದು ದಪ್ಪ ಪುಸ್ತಕ ಇರುತ್ತದೆ, ಗೃಹಪ್ರವೇಶದ ದಿನ ಇಟ್ಟದ್ದು ಮತ್ತೆ ತೆಗೆದಿರುವುದಿಲ್ಲ. ಅದೇ ಡೀಡ್ ಆಫ್ ಡಿಕ್ಲರೇಶನ್ ಮತ್ತು ಬೈಲಾ. ಮೊದಲು ಅದನ್ನು ತೆಗೆಯಿರಿ.

ನಮ್ಮ ರಾಜ್ಯದಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಇದೆ. ಅದರ ಲೆಕ್ಕದಲ್ಲಿ ಫ್ಲ್ಯಾಟು ನಮ್ಮ ಸ್ವಂತದ್ದು. ಆದರೆ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ, ಮೆಟ್ಟಿಲು ಇವೆಲ್ಲ ಎಲ್ಲರಿಗೂ ಸೇರಿದವು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಅಥವಾ ಅದರ ಬೆಲೆ ತಗ್ಗಿಸುವ ಕೆಲಸವನ್ನು ಒಬ್ಬರು ತಮ್ಮಿಷ್ಟಕ್ಕೆ ಮಾಡುವ ಹಾಗಿಲ್ಲ.

ಹಾಗಾದರೆ ಕಿಟಕಿ? ಅದೊಂದು ವಿಚಿತ್ರ ವಸ್ತು ನೋಡಿ. ಒಳಗಿನಿಂದ ನೋಡಿದರೆ ನಮ್ಮ ಮನೆಯದು, ಹೊರಗಿನಿಂದ ನೋಡಿದರೆ ಇಡೀ ಕಟ್ಟಡದ ಮುಖದ್ದು! ಈ ಕಾಯ್ದೆಯ ಮಾದರಿಯಲ್ಲಿ ಬರೆದ ಬಹಳಷ್ಟು ಬೈಲಾಗಳಲ್ಲಿ ಎರಡು ಮಾತು ಕಾಣುತ್ತವೆ. ಒಂದು, ನಲ್ಲಿ, ದೀಪ, ಬಾಗಿಲು, ಕಿಟಕಿ ಮುಂತಾದವುಗಳ ರಿಪೇರಿ ಆಯಾ ಮನೆಯವರ ಖರ್ಚಿನಲ್ಲೇ ಆಗಬೇಕು. ಇನ್ನೊಂದು, ರಚನೆಯಲ್ಲಿ ಬದಲಾವಣೆ ಮಾಡುವವರು ಮೊದಲು ಸಂಘಕ್ಕೆ ಬರವಣಿಗೆಯಲ್ಲಿ ತಿಳಿಸಬೇಕು. ಅಂಥ ಪತ್ರಕ್ಕೆ 30 ದಿನದೊಳಗೆ ಸಂಘ ಉತ್ತರ ಕೊಡಬೇಕು, ಕೊಡದಿದ್ದರೆ ಆಕ್ಷೇಪಣೆ ಇಲ್ಲವೆಂದೇ ಅರ್ಥ ಎಂಬ ಸಾಲೂ ಅನೇಕ ಕಡೆ ಇರುತ್ತದೆ. ನಮ್ಮ ಬೈಲಾದಲ್ಲಿತ್ತು. ಸೆಕ್ರೆಟರಿಗೆ ಅದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ!

ನಿಮ್ಮ ಬೈಲಾದಲ್ಲಿ ಹೀಗೇ ಇರಬೇಕೆಂದಿಲ್ಲ. ಎಷ್ಟೋ ಸಂಘಗಳು 1960ರ ಸೊಸೈಟೀಸ್ ರಿಜಿಸ್ಟ್ರೇಶನ್ ಕಾಯ್ದೆಯಡಿ ನೋಂದಣಿಯಾಗಿವೆ. ಅವುಗಳ ನಿಯಮ ಬೇರೆ ಇರಬಹುದು. ಅದಕ್ಕೇ ಪಕ್ಕದ ಅಪಾರ್ಟ್‌ಮೆಂಟಿನವರ ಮಾತು ಕೇಳಿಕೊಂಡು ವಾದಕ್ಕೆ ಹೋಗಬೇಡಿ, ನಿಮ್ಮದನ್ನೇ ಓದಿ. ಪುಸ್ತಕ ಸಿಗದಿದ್ದರೆ ಸಂಘದಿಂದ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ.

ಒಂದು ಗೆರೆಯನ್ನು ಮಾತ್ರ ಚೆನ್ನಾಗಿ ನೆನಪಿಡಿ. ಇದ್ದ ಜಾಗದಲ್ಲೇ, ಇದ್ದ ಅಳತೆಗೇ ಹೊಸ ಕಿಟಕಿ ಕೂರಿಸುವುದು ಒಂದು. ಗೋಡೆ ಒಡೆದು ಕಿಟಕಿ ದೊಡ್ಡದು ಮಾಡುವುದು, ಮೇಲಿನ ಲಿಂಟಲ್ ಮುಟ್ಟುವುದು, ಹೊರಕ್ಕೆ ಚಾಚಿದ ಡಬ್ಬಿ ಗ್ರಿಲ್ ಹಾಕಿಸುವುದು ಪೂರ್ತಿ ಬೇರೆ. ಮೊದಲನೆಯದು ರಿಪೇರಿಗೆ ಹತ್ತಿರ. ಎರಡನೆಯದಕ್ಕೆ ಸಂಘ ‘ಬೇಡ’ ಎಂದರೆ ಅದರ ಮೇಲೆ ಸಿಟ್ಟಾಗುವ ಹಕ್ಕು ನಮಗಿಲ್ಲ.

ಅವರ ಮಾತಲ್ಲೂ ಹುರುಳಿದೆ

ಇದನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಎದುರಿನ ಬ್ಲಾಕನ್ನೇ ನೋಡಿದೆ. ಒಬ್ಬರ ಮನೆಗೆ ಬಿಳಿ ಕಿಟಕಿ, ಒಬ್ಬರಿಗೆ ಕಂದು, ಇನ್ನೊಬ್ಬರಿಗೆ ಕನ್ನಡಿಯಂತೆ ಹೊಳೆಯುವ ನೀಲಿ ಗಾಜು. ತೇಪೆ ಹಾಕಿದ ಕೌದಿಯ ಹಾಗೆ ಕಾಣುತ್ತಿತ್ತು. ಮನೆ ಮಾರಲು ಹೊರಟವರಿಗೆ ಇದರಿಂದ ನಷ್ಟ ಎಂಬ ಮಾತನ್ನು ತಳ್ಳಿಹಾಕಲಾಗದು.

ಅಂದಕ್ಕಿಂತ ದೊಡ್ಡದು ನೀರಿನ ವಿಷಯ. ಹೊಸ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯನ್ನು ಸರಿಯಾಗಿ ಮುಚ್ಚದಿದ್ದರೆ ನಮ್ಮ ಕಿಟಕಿಯ ನೀರು ಕೆಳಗಿನ ಮನೆಯ ಗೋಡೆಯಲ್ಲಿ ಇಳಿಯುತ್ತದೆ. ನಮಗೆ ಕಾಣುವುದೇ ಇಲ್ಲ! ಕಷ್ಟ ಪಡುವವಳು ಕೆಳಗಿನ ಮನೆಯ ಗೃಹಿಣಿ. ಕಿಟಕಿ ಕೀಳುವಾಗ ಇಟ್ಟಿಗೆ ಚೂರು ಬಿದ್ದರೆ ದಾರಿಯಲ್ಲಿ ಹೋಗುವವರ ತಲೆಗೆ. ಇದನ್ನೆಲ್ಲ ಯಾರಾದರೂ ನೋಡಿಕೊಳ್ಳಬೇಕಲ್ಲವೇ? ಆದ್ದರಿಂದ ಒಪ್ಪಿಗೆ ಕೇಳುವುದು ಅವಮಾನವಲ್ಲ. ‘ನಮ್ಮ ದುಡ್ಡು, ನಮ್ಮ ಮನೆ, ಯಾರನ್ನ ಕೇಳೋದು?’ ಎಂದು ಭಾನುವಾರ ಸದ್ದಿಲ್ಲದೆ ಕೆಲಸ ಮುಗಿಸುವವರ ದಾರಿ ನನಗೆ ಒಪ್ಪಿಗೆಯಿಲ್ಲ.

ಆದರೆ ಒಪ್ಪಿಗೆ ಕೊಡುವುದು ಸಂಘದವರು ಮಾಡುವ ಉಪಕಾರವೂ ಅಲ್ಲ. ಕೇಳುವುದು ನಮ್ಮ ಕರ್ತವ್ಯವಾದರೆ, ಕಾರಣ ಕೊಟ್ಟು ಹೊತ್ತಿಗೆ ಸರಿಯಾಗಿ ಉತ್ತರಿಸುವುದು ಅವರ ಕರ್ತವ್ಯ. ಗೇಟಿನಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿದ ‘ಇಲ್ಲ’ ಉತ್ತರವೇ ಅಲ್ಲ. ಹಾಗೆಯೇ ನಾವು ಬಾಯಿಮಾತಿನಲ್ಲಿ ಕೇಳಿದ್ದೂ ಅರ್ಜಿ ಅಲ್ಲ!

ಪತ್ರ ಬರೆದೆ

ಮೂರು ದಿನ ಕೂತು ಪತ್ರ ಬರೆದೆ. ಬೈಗುಳ ಇಲ್ಲ, ಗೋಳಾಟ ಇಲ್ಲ. ಜೊತೆಗೆ ಇವಿಷ್ಟನ್ನು ಇಟ್ಟೆ:

* ಕೊಳೆತ ಚೌಕಟ್ಟು, ತೇವದ ಗೋಡೆ, ರೆಕ್ಕೆ ಇಲ್ಲದ ಕಿಟಕಿಯ ಫೋಟೋಗಳು, ತಾರೀಖಿನ ಸಮೇತ.

* ಯಾವ ರೂಮಿನ ಎಷ್ಟು ಕಿಟಕಿ, ಪ್ರತಿಯೊಂದರ ಉದ್ದ ಅಗಲ. ‘ಗೋಡೆಯ ಅಳತೆಯಲ್ಲಿ ಬದಲಾವಣೆ ಇಲ್ಲ’ ಎಂಬ ಸ್ಪಷ್ಟ ಸಾಲು.

* ಕಿಟಕಿ ಯಾವುದರದ್ದು, ಬಣ್ಣ ಯಾವುದು, ಗಾಜು ಎಂಥದ್ದು ಎಂಬ ವಿವರ. ಕೊಟೇಶನ್ನಿನ ಪ್ರತಿ, ಬಣ್ಣದ ಒಂದು ತುಂಡು ಮಾದರಿ.

* ಗ್ರಿಲ್ ಒಳಗಡೆಯೇ ಇರುತ್ತದೆ, ಹೊರಕ್ಕೆ ಚಾಚುವುದಿಲ್ಲ ಎಂಬ ಭರವಸೆ.

* ಕೆಲಸ ಎಷ್ಟು ದಿನ, ಯಾವ ಹೊತ್ತಿನಲ್ಲಿ. ಕೆಳಗಡೆ ಹಗ್ಗ ಕಟ್ಟಿ ಜನ ಓಡಾಡದಂತೆ ನೋಡಿಕೊಳ್ಳುವವರು ಯಾರು. ಹಳೇ ಮರ, ಗಾಜು, ಗಾರೆಯ ಕಸ ಯಾವಾಗ ಸಾಗಿಸುತ್ತಾರೆ.

* ಕೆಳಗಿನ ಮನೆಗೆ ನೀರಿಳಿದರೆ ನಮ್ಮ ಖರ್ಚಿನಲ್ಲಿ ಸರಿಪಡಿಸುತ್ತೇವೆ ಎಂಬ ಒಪ್ಪಿಗೆ.

ಪತ್ರ ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಒಂದು ಡಬ್ಬಿ ಕೋಡುಬಳೆ ಹಿಡಿದು ಕೆಳಗಿನ ಮನೆಗೂ ಮೇಲಿನ ಮನೆಗೂ ಹೋಗಿ ಎಲ್ಲ ಹೇಳಿದೆ. ‘ಅಯ್ಯೋ, ನಮ್ಮ ಕಿಟಕಿಯೂ ಹಾಗೇ ಆಗಿದೆ ಕಣ್ರೀ, ಮೊದಲು ನೀವು ಮಾಡಿಸಿ ನೋಡೋಣ’ ಎಂದು ಇಬ್ಬರೂ ‘ಅಭ್ಯಂತರವಿಲ್ಲ’ ಎಂದು ಸಹಿ ಹಾಕಿಕೊಟ್ಟರು. ಪತ್ರಕ್ಕೆ ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸೀಲು, ತಾರೀಖು, ಸಹಿ ಹಾಕಿಸಿಕೊಂಡೆ. ಈ ಸೀಲು ಮರೆಯಬೇಡಿ. 30 ದಿನದ ಲೆಕ್ಕ ಅಲ್ಲಿಂದಲೇ ಶುರು. ಫ್ಲ್ಯಾಟು ಯಾರ ಹೆಸರಲ್ಲಿದೆಯೋ ಅವರ ಸಹಿ ಪತ್ರದಲ್ಲಿರಬೇಕು. ಬಾಡಿಗೆಗೆ ಇರುವವರಾದರೆ ಮಾಲೀಕರಿಂದಲೇ ಅರ್ಜಿ ಹೋಗಬೇಕು.

ಕಮಿಟಿಯಿಂದ ಕರೆ ಬಂತು. ಯಜಮಾನರಿಗೆ ಆಫೀಸು. ನಾನೇ ಹೋದೆ. ಮೇಜಿನ ಸುತ್ತ ಏಳು ಜನ, ಏಳೂ ಜನ ಗಂಡಸರು.

‘ಸಾರ್ ಬರಲಿಲ್ವಾ ಮೇಡಂ?’

‘ಅವರು ಆಫೀಸಲ್ಲಿದ್ದಾರೆ. ಕಿಟಕಿ ಮನೇಲಿದೆ, ನಾನೂ ಮನೇಲಿದ್ದೀನಿ. ಅದಕ್ಕೇ ನಾನೇ ಬಂದೆ’ ಎಂದೆ. ಒಬ್ಬ ಹಿರಿಯರು ನಕ್ಕರು. ಬಿಗಿ ಸ್ವಲ್ಪ ಸಡಿಲವಾಯಿತು. ಫೋಟೋ ನೋಡಿದರು. ಮಕ್ಕಳು ಆಡುವ ಜಾಗಕ್ಕೆ ಬಿದ್ದ ರೆಕ್ಕೆಯ ಫೋಟೋ ಬಂದಾಗ ಯಾರೂ ಎಲಿವೇಶನ್ ಎನ್ನಲಿಲ್ಲ. ಬಿಳಿ ಬೇಡ, ಹಳೇ ಕಿಟಕಿಯಂತೆ ಮರದ ಬಣ್ಣ ಇರಲಿ ಎಂದರು. ಅದಕ್ಕೆ ಖರ್ಚು ಸ್ವಲ್ಪ ಹೆಚ್ಚು. ಆದರೂ ಒಪ್ಪಿಕೊಂಡೆ. ಎಲ್ಲದಕ್ಕೂ ನನ್ನದೇ ನಡೆಯಬೇಕೆಂದರೆ ಆಗುತ್ತದೆಯೇ? ಅದೇ ವಾರ ಷರತ್ತುಗಳ ಸಮೇತ ಒಪ್ಪಿಗೆ ಪತ್ರ ಬಂತು.

ಹಾಗೆ ಆಗದಿದ್ದರೆ? ‘ಬೈಲಾದ ಯಾವ ನಿಯಮದ ಪ್ರಕಾರ ನಿರಾಕರಿಸಿದ್ದೀರಿ, ಏನು ಬದಲಾಯಿಸಿದರೆ ಒಪ್ಪುತ್ತೀರಿ?’ ಎಂದು ಬರವಣಿಗೆಯಲ್ಲಿ ಕೇಳಿ. ಆಗಲೂ ಜಗ್ಗದಿದ್ದರೆ ವಿಷಯವನ್ನು ಜನರಲ್ ಬಾಡಿ ಸಭೆಯ ಅಜೆಂಡಾದಲ್ಲಿ ಸೇರಿಸಲು ಅರ್ಜಿ ಕೊಡಿ. ನಿಮ್ಮ ಹಾಗೆ ಕೊಳೆತ ಕಿಟಕಿಯ ಜೊತೆ ಬಾಳುತ್ತಿರುವ ಮನೆಗಳು ಇನ್ನೂ ಇರುತ್ತವೆ. ಎಲ್ಲರೂ ಸೇರಿ ಸಹಿ ಹಾಕಿದರೆ ಅದರ ತೂಕವೇ ಬೇರೆ. ವಕೀಲರ ಮನೆಯ ಮೆಟ್ಟಿಲು ಕೊನೆಯದಾಗಿರಲಿ. ದಿನಾ ಲಿಫ್ಟಿನಲ್ಲಿ ಮುಖ ನೋಡಬೇಕಾದವರು ನಾವು.

ಕೊಳ್ಳುವ ಮುನ್ನ

ಯುಪಿವಿಸಿ ಎಂದರೆ ಮೆದುಗೊಳಿಸುವ ರಾಸಾಯನಿಕ ಸೇರಿಸದ ಗಟ್ಟಿ ಪಿವಿಸಿ. ಗೆದ್ದಲು ಹಿಡಿಯದು, ತುಕ್ಕು ಇಲ್ಲ, ಮಳೆಗೆ ಉಬ್ಬದು. ಆದರೆ ಚೌಕಟ್ಟಿನ ಒಳಗೆ ಕಲಾಯಿ ಮಾಡಿದ ಉಕ್ಕಿನ ಪಟ್ಟಿ ಕೂರಿಸಿರುತ್ತಾರೆಯೇ ಎಂದು ಕೇಳಿ. ದೊಡ್ಡ ಕಿಟಕಿ ಗಾಳಿಗೆ ಬಾಗದಂತೆ ತಡೆಯುವುದು ಅದೇ. ಅಲ್ಯೂಮಿನಿಯಂ ತೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ನಿಮ್ಮ ಕಟ್ಟಡದಲ್ಲಿ ಈಗಾಗಲೇ ಅದೇ ಇದ್ದರೆ ಒಪ್ಪಿಗೆಯೂ ಸುಲಭ.

ಜಾರುವ ಕಿಟಕಿಗೆ ಜಾಗ ಕಡಿಮೆ ಸಾಕು. ಆದರೆ ಎರಡು ಬಾಗಿಲಿನ ಜಾರುವ ಕಿಟಕಿ ತೆರೆದರೂ ಅರ್ಧ ಮಾತ್ರ ಗಾಳಿ! ರೆಕ್ಕೆ ತೆರೆಯುವ ಕಿಟಕಿಯಲ್ಲಿ ಪೂರ್ತಿ ಗಾಳಿ. ಮುಚ್ಚಿದರೆ ಬಿಗಿಯಾಗಿಯೂ ಕೂರುತ್ತದೆ, ಆದರೆ ಹೊರಕ್ಕೆ ತೆರೆಯಲು ಗ್ರಿಲ್ ಅಡ್ಡ ಬರಬಾರದು. ಅಡುಗೆಮನೆಗೆ ಯಾವುದು ಬೇಕೆಂದು ನಿರ್ಧರಿಸಬೇಕಾದವರು ನೀವು. ಒಗ್ಗರಣೆಯ ಹೊಗೆ ಕುಡಿಯುವವರು ನೀವೇ ತಾನೆ? ಸೊಳ್ಳೆಪರದೆಯ ಬಾಗಿಲನ್ನು ಮೊದಲೇ ಸೇರಿಸಿ ಹೇಳಿ. ಡೆಂಗಿಯ ಕಾಲದಲ್ಲಿ ಅದು ಶೋಕಿಯಲ್ಲ. ಒಳಗಿನಿಂದ ಕೈ ಹಾಕಿ ಹೊರಗಿನ ಗಾಜು ಒರೆಸಲು ಆಗುತ್ತದೆಯೇ ಎಂಬುದನ್ನೂ ನೋಡಿ. ನಾಲ್ಕನೇ ಮಹಡಿಯ ಕಿಟಕಿ ಕಟ್ಟೆ ಹತ್ತುವುದನ್ನು ಮನೆಕೆಲಸದವಳಿಗೆ ಎಂದೂ ಹೇಳಬೇಡಿ.

ಎತ್ತರದ ಮಹಡಿಗೆ ಮಾಮೂಲು ಗಾಜು ಬೇಡ. ಟಫನ್ಡ್ ಗಾಜು ಒಡೆದರೆ ಚಾಕುವಿನಂಥ ಚೂರಾಗದೆ ಸಣ್ಣ ಸಣ್ಣ ಹರಳಾಗುತ್ತದೆ. ಲ್ಯಾಮಿನೇಟೆಡ್ ಗಾಜಿನ ನಡುವೆ ಅಂಟುಪದರ ಇರುವುದರಿಂದ ಒಡೆದರೂ ಚೂರು ಅಂಟಿಕೊಂಡೇ ಇರುತ್ತದೆ. ರಸ್ತೆಯ ಸದ್ದನ್ನೂ ತಗ್ಗಿಸುತ್ತದೆ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಆದ್ದರಿಂದ ಅಳತೆ ತೆಗೆಯುವ ದಿನ ಮನೆಯಲ್ಲಿದ್ದು ಎರಡೆರಡು ಸಲ ಅಳೆಸಿ. ಚೌಕಟ್ಟಿನ ಕೆಳಪಟ್ಟಿಯಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ. ಪೇಂಟಿನವರು ಅವನ್ನು ಮುಚ್ಚದಂತೆ ನೋಡಿಕೊಳ್ಳಿ. ಕೆಳಗಿನ ಕಲ್ಲಿನ ಇಳಿಜಾರು ಹೊರಕ್ಕಿರಲಿ. ಕೆಲಸ ಮುಗಿದ ಮೇಲೆ ಪೂರ್ತಿ ದುಡ್ಡು ಕೊಡುವ ಮೊದಲು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿಸಿ ಪರೀಕ್ಷಿಸಿ. ಇನ್ನೊಂದು ಮಾತು: ಗ್ರಿಲ್ ಹಾಕಿಸುವಾಗ ಒಂದಾದರೂ ಕಿಟಕಿಗೆ ಬೀಗ ತೆಗೆದು ತೆರೆಯುವ ಗ್ರಿಲ್ ಇರಲಿ. ಬೆಂಕಿ ಬಿದ್ದ ದಿನ ಕಳ್ಳನ ಭಯಕ್ಕೆ ಹಾಕಿಸಿದ ಗ್ರಿಲ್ಲೇ ನಮ್ಮನ್ನು ಒಳಗೆ ಕೂಡಿಹಾಕಬಾರದು.

ಸಂಘಕ್ಕೊಂದು ಮಾತು, ನಮಗೊಂದು ಮಾತು

ಬೆಂಗಳೂರಿನಲ್ಲಿ 20, 25 ವರ್ಷ ದಾಟಿದ ಅಪಾರ್ಟ್‌ಮೆಂಟುಗಳು ಈಗ ಬೇಕಾದಷ್ಟಿವೆ. ಇವತ್ತು ಒಂದು ಮನೆಯ ಕಿಟಕಿ, ನಾಳೆ ಹತ್ತು ಮನೆಯದು. ಪ್ರತಿಯೊಬ್ಬರೂ ಸೆಕ್ರೆಟರಿಯ ಮನೆ ಬಾಗಿಲು ತಟ್ಟಿ ಅವರ ಮುಖ ನೋಡಿಕೊಂಡು ಕೇಳುವ ಬದಲು, ಸಂಘ ಒಂದೇ ಒಂದು ಸಭೆಯಲ್ಲಿ ಕೂತು ಬಣ್ಣ ಇದು, ಗಾಜು ಇಂಥದ್ದು, ಗ್ರಿಲ್ ಒಳಗೆ, ಕೆಲಸದ ಹೊತ್ತು ಇಷ್ಟು ಎಂದು ಒಂದು ಪುಟದ ನಿಯಮ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ಅದರಂತೆ ಮಾಡಿಸುವವರಿಗೆ ತಕ್ಷಣ ಒಪ್ಪಿಗೆ. ಬೀಳುವಂತಿರುವ ಕಿಟಕಿಗೆ ಒಂದು ದಿನವೂ ಕಾಯಿಸಬಾರದು. ಪ್ರೆಸಿಡೆಂಟರ ಮನೆಗೂ ಬಾಡಿಗೆಯವರ ಮನೆಗೂ ಒಂದೇ ನಿಯಮ ಇರಲಿ. ಕಟ್ಟಡದ ಅಂದ ಕಾಯುವ ಹಂಬಲ ಒಳ್ಳೆಯದೇ. ಆದರೆ ಆ ಅಂದದ ಕೆಳಗೆ ಮಕ್ಕಳು ಆಡುತ್ತಾರೆ ಎಂಬುದು ನೆನಪಿರಲಿ.

ಇನ್ನು ನಮಗೆ. ಮೇಂಟೆನೆನ್ಸ್ ದುಡ್ಡು ಕಟ್ಟಿದರೆ ಮುಗಿಯಿತು, ಮೀಟಿಂಗು ಗಂಡಸರ ಕೆಲಸ ಎಂದುಕೊಂಡು ಎಷ್ಟು ಜನ ಕೂತಿಲ್ಲ? ನೀರಿನ ಟ್ಯಾಂಕರು ಬಾರದಿದ್ದರೆ, ಲಿಫ್ಟು ಕೆಟ್ಟರೆ, ಕಸದವನು ಬಾರದಿದ್ದರೆ ಕಷ್ಟ ಪಡುವವರು ನಾವು. ತೀರ್ಮಾನ ಮಾಡುವವರು ಮನೆಯಲ್ಲೇ ಇಲ್ಲದವರು! ಇನ್ನೊಂದು ಗುಟ್ಟು ಹೇಳಲೇ? ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಫ್ಲ್ಯಾಟ್ ಇದ್ದರೂ, ಯಾರ ಹೆಸರು ಮೊದಲಿದೆಯೋ ಅವರಿಗೆ ಮಾತ್ರ ಓಟು ಎಂದು ಬಹಳ ಬೈಲಾಗಳಲ್ಲಿ ಬರೆದಿರುತ್ತದೆ. ಕಾಗದದಲ್ಲಿ ಎರಡನೇ ಹೆಸರಾಗಿ ಸೇರಿದ್ದಕ್ಕೇ ನಾವು ಸಂತೋಷಪಟ್ಟಿದ್ದೆವು. ಮುಂದೆ ಮನೆ ಕೊಳ್ಳುವ ತಂಗಿಯರು ಈ ಒಂದು ವಿಷಯವನ್ನು ಮೊದಲೇ ಯೋಚಿಸಲಿ. ಈಗಾಗಲೇ ಕೊಂಡವರು ಪ್ರಾಕ್ಸಿ ಪತ್ರಕ್ಕೆ ಅವಕಾಶ ಇದೆಯೇ ಎಂದು ನಿಮ್ಮ ಬೈಲಾದಲ್ಲಿ ನೋಡಿ. ಓಟು ಇಲ್ಲದಿದ್ದರೂ ಸಭೆಗೆ ಹೋಗಿ ಕೂರಿ. ನಮ್ಮಲ್ಲಿ ಈಗ ಪ್ರತಿ ಸಭೆಗೂ ಐದಾರು ಹೆಂಗಸರು ಬರುತ್ತೇವೆ. ಕಿಟಕಿಯ ನಿಯಮದ ಒಂದು ಪುಟ ಹಾಗೇ ಬರೆಯಲ್ಪಟ್ಟದ್ದು.

ಮರುವರ್ಷ ಮೇ ತಿಂಗಳಲ್ಲಿ ಆಲಿಕಲ್ಲಿನ ಸಮೇತ ಜೋರು ಮಳೆ ಬಂತು. ಅಭ್ಯಾಸಬಲ, ಹಳೇ ಬೆಡ್‌ಶೀಟು ಹಿಡಿದು ಅತ್ತೆಯ ರೂಮಿಗೆ ಓಡಿದೆ. ಕಿಟಕಿ ಭದ್ರವಾಗಿ ಮುಚ್ಚಿತ್ತು. ಹೊರಗಿನ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಅತ್ತೆ ಮಂಚದ ಮೇಲೆ ಕೂತು ಮಳೆ ನೋಡುತ್ತಿದ್ದರು.

‘ಆ ಬಟ್ಟೆ ಯಾಕೆ ತಂದ್ಯೇ? ಹೋಗು, ಎಣ್ಣೆ ಇಡು, ಬಜ್ಜಿ ಮಾಡೋಣ’ ಎಂದರು.